‘ಪುಕ್ಕಟೆ ತಿಂದು ಮಂದಿ ಸೋಮಾರಿ ಆಗ್ಯಾರ’ ಅಂತೀವಲ್ಲ, ಒಮ್ಮೆ ಕೂತು ಲೆಕ್ಕ ಹಾಕೋಣ್ರಿ

ಹವಳಗಾ: ಸಕ್ಕರೆ ಕಾರ್ಖಾನೆ ಸೀಸನ್ ಶುರುವಾಗಿದೆ. ಕಬ್ಬು ಹೇರಿದ ಟ್ರ್ಯಾಕ್ಟರುಗಳು ರಸ್ತೆ ಬದಿಗೆ ಸಾಲು ಹಚ್ಚಿ ನಿಂತಿವೆ. ಹತ್ತಿ ಬಿಡಿಸೋ ಟೈಮು ಇದೇ, ಇನ್ನೊಂದು ತಿಂಗಳು ಕಳೆದರೆ ತೊಗರಿ ರಾಶಿ. ಈ ದಿನಗಳಲ್ಲಿ ಅಫಜಲಪುರ ತಾಲೂಕಿನ ಯಾವ ಚಾದಂಗಡಿಗೆ ಹೋಗಿ ಕೂತರೂ ಒಂದೇ ಮಾತು ಕಿವಿಗೆ ಬೀಳ್ತದೆ.

‘ಆಳ ಸಿಗವಲ್ಲವು ತಮ್ಮಾ. ಅಕ್ಕಿ ಪುಕ್ಕಟೆ, ಕರೆಂಟ್ ಪುಕ್ಕಟೆ, ಬಸ್ ಪುಕ್ಕಟೆ, ಮ್ಯಾಲ ಎರಡ ಸಾವಿರ ರೊಕ್ಕ. ಇನ್ನ ಯಾರ ಬರ್ತಾರ ಹೊಲಕ್ಕ? ಸರ್ಕಾರ ಮಂದಿನ್ನ ಕೆಡಿಸಿಬಿಟ್ಟದ ನೋಡು.’

ಹೋದ ವಾರ ಹೀಗೆ ಹೇಳಿದವರು ನಮ್ಮೂರ ಕಡೆಯ ಒಬ್ಬ ರೈತ ಕಾಕಾ. ನಾಲ್ಕು ಎಕರೆ ಹೊಲ, ಅದರಲ್ಲಿ ಎರಡು ಎಕರೆ ಹತ್ತಿ. ಮಾತಲ್ಲಿ ಸಿಟ್ಟಿತ್ತು, ಆದರೆ ಕೆಟ್ಟ ಮನುಷ್ಯ ಅಲ್ಲ. ಪಕ್ಕದಲ್ಲಿ ಕೂತಿದ್ದ ಕಿರಾಣಿ ಅಂಗಡಿ ಅಣ್ಣನೂ ‘ಖರೆ ಅದ ಬಿಡ್ರಿ’ ಅಂದ.

ಒಂದು ಮಾತು ಮೊದಲೇ ಒಪ್ಪಿಕೊಳ್ಳುತ್ತೇನೆ. ಈ ಮಾತಿಗೆ ಎರಡು ವರ್ಷ ನಾನೂ ತಲೆ ಆಡಿಸಿದವನೇ. 2023ರ ಆಗಸ್ಟ್ 5ಕ್ಕೆ ಗೃಹಜ್ಯೋತಿ ಯೋಜನೆಗೆ ಚಾಲನೆ ಸಿಕ್ಕಿದ್ದು ನಮ್ಮ ಕಲಬುರಗಿಯಲ್ಲೇ. ಅವತ್ತು ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಬಂದ ‘ಬಿಟ್ಟಿ ಭಾಗ್ಯ’ ಜೋಕನ್ನು ನಾನೂ ನಾಲ್ಕು ಮಂದಿಗೆ ಕಳಿಸಿದ್ದೆ. ನಮ್ಮ ಮನೆಯ ರೇಷನ್ ಕಾರ್ಡು ಬಂದ್ ಆಗೋತನಕ ಆ ಮಾತಿನ ಭಾರ ಎಷ್ಟು ಅಂತ ನನಗೆ ಗೊತ್ತಾಗಲಿಲ್ಲ. ಆ ಕಥೆ ಮುಂದೆ ಹೇಳುತ್ತೇನೆ. ಮೊದಲು ಕಾಕಾನ ಮಾತನ್ನೇ ತೂಕಕ್ಕೆ ಹಾಕೋಣ.

ಆಳು ಇಲ್ಲ ಅನ್ನೋದು ಖರೆ. ಆದರೆ ಎಲ್ಲಿ ಹೋದರು?

ಹೊಲಕ್ಕೆ ಆಳು ಸಿಗುತ್ತಿಲ್ಲ ಅನ್ನೋದರಲ್ಲಿ ಸುಳ್ಳಿಲ್ಲ. ಹತ್ತಿ ಅರಳಿ ನಿಂತಾಗ ನಾಲ್ಕು ದಿನ ತಡವಾದರೆ, ನಡುವೆ ಒಂದು ಮಳೆ ಹೊಡೆದರೆ, ರೈತನ ಕಥೆ ಮುಗೀತು. ಆದರೆ ಆಳುಗಳು ಮನೆಯಲ್ಲಿ ಮಲಗಿದ್ದಾರೆ ಅನ್ನೋದಾದರೆ, ಸಂಜೆ ಒಮ್ಮೆ ಗಾಣಗಾಪುರ ರೋಡ್ ರೈಲ್ವೆ ಸ್ಟೇಷನ್ನಿಗೆ ಹೋಗಿ ನೋಡ್ರಿ. ದೀಪಾವಳಿ ಮುಗಿದ ಮೇಲೆ ಅಲ್ಲಿ ಪ್ಲಾಟ್‌ಫಾರ್ಮಿನ ಮೇಲೆ ಹಾಸಿಗೆ ಸುರುಳಿ, ಅಕ್ಕಿ–ಜೋಳದ ಚೀಲ, ಪಾತ್ರೆ ತುಂಬಿದ ಪ್ಲಾಸ್ಟಿಕ್ ಬುಟ್ಟಿ ಇಟ್ಟುಕೊಂಡು ಕೂತವರು ಯಾರು? ಅಫಜಲಪುರ, ಆಳಂದ, ಜೇವರ್ಗಿ ಕಡೆಯವರೇ. ಪುಣೆ, ಮುಂಬೈ, ಬೆಂಗಳೂರು, ಹೈದರಾಬಾದ್. ಕಟ್ಟಡದ ಕೆಲಸ, ಸೆಂಟ್ರಿಂಗ್, ಮಣ್ಣು ಹೊರೋದು, ಫರಸಿ ಹಾಕೋದು.

ಎಷ್ಟು ಮಂದಿ ಹೋಗ್ಯಾರ ಅಂತ ನಮಗೆ ಒಮ್ಮೆ ಚೆನ್ನಾಗಿ ಕಂಡಿತ್ತು. 2020ರ ಮೇ ತಿಂಗಳು, ಲಾಕ್‌ಡೌನ್. ಮಹಾರಾಷ್ಟ್ರದಿಂದ ನಮ್ಮ ಜಿಲ್ಲೆಗೆ ಸಾವಿರಾರು ಕಾರ್ಮಿಕರು ವಾಪಸ್ ಬಂದರು. ಶಾಲೆ–ಹಾಸ್ಟೆಲ್‌ಗಳೆಲ್ಲ ಕ್ವಾರಂಟೈನ್ ಕೇಂದ್ರ ಆದವು. ಎಷ್ಟೋ ಊರುಗಳಲ್ಲಿ ದಾರಿಗೆ ಮುಳ್ಳು ಹಚ್ಚಿ ‘ಮುಂಬೈಯವರು ಒಳಗ ಬರಬ್ಯಾಡ್ರಿ’ ಅಂದೆವು. ಅವರೆಲ್ಲ ನಮ್ಮೂರಲ್ಲೇ ಹುಟ್ಟಿದವರು, ನಮ್ಮ ಸಂಗಡ ಶಾಲೆ ಕಲಿತವರು. ಊರಲ್ಲಿ ಇಲ್ಲದಾಗ ‘ಆಳು ಸಿಗವಲ್ಲವು’, ಊರಿಗೆ ಬಂದಾಗ ‘ರೋಗ ತಂದರು’.

ನಾನೂ ಡಿಗ್ರಿ ಎರಡನೇ ವರ್ಷಕ್ಕೆ ಕಾಲೇಜು ಬಿಟ್ಟು ಆರು ತಿಂಗಳು ಪುಣೆಗೆ ದುಡಿಯಾಕ ಹೋದವನು. ಬಿಟ್ಟಿದ್ದು ಓದಾಕ ಬ್ಯಾಸರಾಗಿ ಅಲ್ಲ, ಮನೆಯಲ್ಲಿ ಒಬ್ಬರ ದುಡಿಮೆ ಸಾಲಲಿಲ್ಲ. ಅಲ್ಲಿ ನಾನು ಕಂಡದ್ದು ಇಷ್ಟು: ಕೂಲಿ ಇಲ್ಲಿಗಿಂತ ಬಹಳ ಜಾಸ್ತಿ, ಅದಕ್ಕಿಂತ ದೊಡ್ಡದು ಅಂದರೆ ತಿಂಗಳಿಗೆ 25 ದಿನ ಕೆಲಸ ಸಿಗೋ ಭರವಸೆ. ನಮ್ಮ ಕಡೆ ಹೊಲದ ಕೆಲಸ ಇರೋದು ಬಿತ್ತಿಗೆ, ಕಳೆ, ರಾಶಿ ಟೈಮಿನಲ್ಲಿ ಮಾತ್ರ. ಆ ನಾಲ್ಕು ವಾರಕ್ಕೋಸ್ಕರ ಮನುಷ್ಯ ವರ್ಷಪೂರ್ತಿ ಊರಲ್ಲಿ ಕಾಯಬೇಕು ಅಂದರೆ ಹೊಟ್ಟೆ ಕೇಳತದೇನ್ರಿ?

ಇನ್ನೊಂದು ಕಡೆ ನೋಡ್ರಿ. ಹವಳಗಾ ಸುತ್ತಮುತ್ತ ಕಬ್ಬಿನ ಗದ್ದೆ ಪಕ್ಕ ತಾಡಪತ್ರಿ ಹೊದಿಸಿದ ಜೋಪಡಿಗಳು ಎದ್ದಿವೆ. ತಾಂಡಾಗಳಿಂದ, ಮಹಾರಾಷ್ಟ್ರದ ಕಡೆಯಿಂದ ಬಂದ ಕಬ್ಬು ಕಡಿಯೋ ಗ್ಯಾಂಗುಗಳು. ಗಂಡ–ಹೆಂಡತಿ ಜೋಡಿ ಲೆಕ್ಕ. ಮುಂಗಡ ತಗೊಂಡಿರುತ್ತಾರೆ, ಅದು ತೀರೋತನಕ ಬಿಡೋ ಹಾಗಿಲ್ಲ. ನಸುಕಿನಲ್ಲಿ ಚಳಿಗೆ ಎದ್ದು ಕಡಿಯೋದು, ಸೂಡು ಕಟ್ಟೋದು, ರಾತ್ರಿ ಟ್ರ್ಯಾಕ್ಟರ್ ಬಂದರೆ ರಾತ್ರಿಯೇ ಹೇರೋದು. ಮಕ್ಕಳು ಜೋಪಡಿ ಮುಂದೆ. ಇವರಲ್ಲೂ ಬಹಳ ಮಂದಿ ಊರಲ್ಲಿ ರೇಷನ್ ಕಾರ್ಡು ಇದ್ದವರೇ. ಅಕ್ಕಿ ಮನುಷ್ಯನ್ನ ಸೋಮಾರಿ ಮಾಡೋದಾಗಿದ್ದರೆ ಈ ಗ್ಯಾಂಗು ಇಲ್ಲಿಗೆ ಬರುತ್ತಲೇ ಇರಲಿಲ್ಲ.

ಪುಕ್ಕಟೆ ಬರೋದು ಎಷ್ಟು? ದಿನಕ್ಕೆ, ತಲೆಗೆ

ಅಂಗಡಿಯವರು ಓದೋ ಪೇಪರು ಇದು. ಹಂಗಾಗಿ ಅಂಗಡಿ ಲೆಕ್ಕದಲ್ಲೇ ಹೇಳುತ್ತೇನೆ.

ಐದು ಮಂದಿ ಇರೋ ಒಂದು ಬಿಪಿಎಲ್ ಮನೆ. 2025ರ ಲೆಕ್ಕದಲ್ಲಿ ತಲೆಗೆ 10 ಕೆ.ಜಿ.ಯಂತೆ ತಿಂಗಳಿಗೆ 50 ಕೆ.ಜಿ. ಅಕ್ಕಿ. ರಾಜ್ಯ ಸರ್ಕಾರಕ್ಕೆ ಹೆಚ್ಚುವರಿ ಅಕ್ಕಿ ಎಫ್‌ಸಿಐಯಿಂದ ಸಿಕ್ಕ ದರ ಕೆ.ಜಿ.ಗೆ 22 ರೂಪಾಯಿ 50 ಪೈಸೆ. ಪೂರ್ತಿ 50 ಕೆ.ಜಿ.ಗೂ ಅದೇ ದರ ಹಿಡಿದರೆ 1,125 ರೂಪಾಯಿ. ಗೃಹಲಕ್ಷ್ಮಿ 2,000. ಎರಡೂ ಕೂಡಿ 3,125. ಇದನ್ನ 30 ದಿನಕ್ಕೆ ಹಂಚಿದರೆ 104 ರೂಪಾಯಿ. ಐದು ಮಂದಿಗೆ ಹಂಚಿದರೆ ತಲೆಗೆ ದಿನಕ್ಕೆ 21 ರೂಪಾಯಿ.

ಒಂದು ಚಾ, ಅರ್ಧ ಪ್ಲೇಟ್ ಭಜಿ. ಅದೂ ಗೃಹಲಕ್ಷ್ಮಿ ರೊಕ್ಕ ತಿಂಗಳಿಗೆ ಸರಿಯಾಗಿ ಬಂದರೆ. ಬರೋದಿಲ್ಲ ಅನ್ನೋದು ಬ್ಯಾಂಕಿನ ಮುಂದೆ ಪಾಸ್‌ಬುಕ್ ಹಿಡಿದು ನಿಂತ ಅಕ್ಕಂದಿರನ್ನ ಕೇಳಿದರೆ ಗೊತ್ತಾಗ್ತದೆ. ಈ 21 ರೂಪಾಯಿಗೆ ಯಾವ ಗಂಡಾಳು ಕೂಲಿ ಬಿಟ್ಟು ಮನೆಯಲ್ಲಿ ಮಲಗುತ್ತಾನೆ? ಎಣ್ಣೆ, ಬೇಳೆ, ಖಾರ, ದವಾಖಾನೆ, ಮಗಳ ಮದುವೆ, ಸಂಘದ ಕಂತು ಎಲ್ಲಿಂದ ಬರಬೇಕು?

ಇದು ನನ್ನೊಬ್ಬನ ಚಾದಂಗಡಿ ಲೆಕ್ಕ ಅನಿಸಿದರೆ, ದೊಡ್ಡವರೂ ಇದನ್ನ ನೋಡ್ಯಾರ. 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ ಮತ್ತು ಅವರ ಜೊತೆಗಾರರು, ಬಡವರಿಗೆ ಸರ್ಕಾರ ನೇರವಾಗಿ ಹಣ ಕೊಟ್ಟ ಆರು ದೇಶಗಳ ಏಳು ಪ್ರಯೋಗಗಳ ಅಂಕಿಅಂಶ ತೆಗೆದು ಪರಿಶೀಲಿಸಿದರು. 2017ರಲ್ಲಿ ಅದು ಪ್ರಕಟವಾಯಿತು. ಹಣ ಬಂದ ಕಾರಣಕ್ಕೆ ಜನ ದುಡಿಯೋದು ಕಡಿಮೆ ಮಾಡಿದರು ಅನ್ನೋದಕ್ಕೆ ಅವರಿಗೆ ಪುರಾವೆ ಸಿಗಲಿಲ್ಲ. ಮೆಕ್ಸಿಕೊ, ಇಂಡೋನೇಷ್ಯಾ, ಫಿಲಿಪ್ಪೀನ್ಸ್ ಎಲ್ಲ ಕಡೆಯೂ ‘ಬಡವರು ಸೋಮಾರಿ ಆಗ್ಯಾರ’ ಅನ್ನೋ ಮಾತು ಇತ್ತು. ಲೆಕ್ಕ ಮಾತ್ರ ಬ್ಯಾರೆ ಹೇಳಿತು.

ಬಡವ ಅನಿಸಿಕೊಳ್ಳಾಕ ಎಷ್ಟು ದಿನ ದುಡೀಬಾರದು?

ಇನ್ನೊಂದು ಲೆಕ್ಕ ಇದೆ. ಇದು ನನಗೆ ನಿದ್ದೆ ಕೆಡಿಸಿದ ಲೆಕ್ಕ.

ನಮ್ಮ ರಾಜ್ಯದಲ್ಲಿ ಬಿಪಿಎಲ್ ಕಾರ್ಡಿಗೆ ಕುಟುಂಬದ ಆದಾಯ ವರ್ಷಕ್ಕೆ 1.20 ಲಕ್ಷ ದಾಟಬಾರದು. ಜತೆಗೆ ಮೂರು ಹೆಕ್ಟೇರ್‌ಗಿಂತ ಹೆಚ್ಚು ಒಣ ಜಮೀನು ಇರಬಾರದು, ಸ್ವಂತ ಓಡಾಟದ ಕಾರು ಇರಬಾರದು, ಆದಾಯ ತೆರಿಗೆ ಕಟ್ಟುವವರು ಇರಬಾರದು. 1.20 ಲಕ್ಷ ಅಂದರೆ ತಿಂಗಳಿಗೆ 10,000.

ಈಗ ಉದ್ಯೋಗ ಖಾತ್ರಿ ಕೂಲಿ ತಗೊಳ್ರಿ. 2025–26ಕ್ಕೆ ಕರ್ನಾಟಕದಲ್ಲಿ ದಿನಕ್ಕೆ 370 ರೂಪಾಯಿ. ಇದು ಸರ್ಕಾರವೇ ಗೊತ್ತು ಮಾಡಿದ ದರ. ಗಂಡ–ಹೆಂಡತಿ ಇಬ್ಬರೂ ಇದೇ ದರದಲ್ಲಿ ದುಡಿದರೆ ದಿನಕ್ಕೆ 740. ಇಬ್ಬರೂ 163 ದಿನ ದುಡಿದರೆ 1,20,620. ಅಲ್ಲಿಗೆ ಮಿತಿ ದಾಟಿತು.

ಅಂದರೆ ಏನಾಯಿತು? ಗಂಡ–ಹೆಂಡತಿ ವರ್ಷದಲ್ಲಿ ಅರ್ಧಕ್ಕಿಂತ ಕಡಿಮೆ ದಿನ ದುಡಿದರೂ ಕಾಗದದ ಮೇಲೆ ಬಡವರಲ್ಲ. ಹೆಚ್ಚು ದುಡಿದು ನಿಜ ಹೇಳಿದರೆ ಕಾರ್ಡು ಹೋಗ್ತದೆ. ಕಾರ್ಡು ಉಳಿಸಿಕೊಳ್ಳಾಕ ಆದಾಯ ಕಡಿಮೆ ಬರೆಸಿದರೆ ‘ಸುಳ್ಳು ಕಾರ್ಡಿನವರು’. ದುಡಿಯದೆ ಕೂತರೆ ‘ಸೋಮಾರಿ’. ಮೂರರಲ್ಲಿ ಯಾವ ದಾರಿ ಹಿಡಿದರೂ ಬೈಗುಳ ತಪ್ಪಂಗಿಲ್ಲ.

ನಮ್ಮ ಜಿಲ್ಲೆ ರಾಜ್ಯದ ಆರ್ಥಿಕ ಸಮೀಕ್ಷೆಗಳಲ್ಲಿ ತಲಾ ಆದಾಯದ ಪಟ್ಟಿಯ ಕೊನೆಯಲ್ಲಿ ನಿಲ್ಲುವ ಜಿಲ್ಲೆ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ವರದಿ ಕೊಟ್ಟಾಗ ಅಫಜಲಪುರ, ಆಳಂದ, ಜೇವರ್ಗಿ ಮೂರೂ ‘ಅತ್ಯಂತ ಹಿಂದುಳಿದ’ ತಾಲೂಕುಗಳ ಪಟ್ಟಿಯಲ್ಲಿದ್ದವು. ಆಗ ನಾವೆಲ್ಲ ‘ನಮಗ ಅನ್ಯಾಯ ಆಗ್ಯದ’ ಅಂದೆವು. ಅದೇ ಹೋರಾಟದ ಬಲದಿಂದ 371 (ಜೆ) ಬಂತು. ಇಡೀ ತಾಲೂಕು ಬಡವ ಆದರೆ ಅದು ಅನ್ಯಾಯ, ಅದೇ ತಾಲೂಕಿನ ಒಂದು ಮನೆ ಬಡವ ಆದರೆ ಅದು ಅವರ ಸೋಮಾರಿತನ. ಈ ಎರಡು ತಕ್ಕಡಿ ಹೆಂಗ ಬಂದವು ಅಂತ ನಾವೇ ಕೇಳಿಕೊಳ್ಳಬೇಕು.

ನಮ್ಮ ಮನೆ ಕಾರ್ಡು ಬಂದ್ ಆದಾಗ

2024ರ ನವೆಂಬರ್. ಅನರ್ಹ ಬಿಪಿಎಲ್ ಕಾರ್ಡು ತೆಗೆಯುತ್ತೇವೆ ಅಂತ ಸರ್ಕಾರ ಹೊರಟಿತು. ಉದ್ದೇಶದಲ್ಲಿ ತಪ್ಪೇನಿರಲಿಲ್ಲ. ಸರ್ಕಾರಿ ನೌಕರಿ ಇದ್ದವರ ಮನೆಯಲ್ಲೂ ಬಿಪಿಎಲ್ ಕಾರ್ಡು ಇದ್ದದ್ದು ಸುಳ್ಳಲ್ಲ, ಅಂಥವರದ್ದು ತೆಗೀಲೇಬೇಕು. ಆದರೆ ಪಟ್ಟಿಯಲ್ಲಿ ನಮ್ಮ ಅವ್ವನ ಕಾರ್ಡೂ ಇತ್ತು. ಕಂಟ್ರೋಲ್ ಅಂಗಡಿಯಲ್ಲಿ ಹೆಬ್ಬಟ್ಟು ಒತ್ತಿದರೆ ಮಷೀನು ತಗೊಳ್ಳಲಿಲ್ಲ.

ಕಾರಣ ಹುಡುಕಿದಾಗ ಸಿಕ್ಕಿದ್ದು ಇದು: ನಮ್ಮಣ್ಣ ಮೂರು ವರ್ಷದ ಹಿಂದೆ ಟಂಟಂ ತಗೊಳ್ಳಾಕ ಸಾಲಕ್ಕೆ ಅರ್ಜಿ ಹಾಕಿದ್ದ. ಸಾಲ ಕೊಡುವವರು ಐಟಿ ರಿಟರ್ನ್ ಕೇಳಿದ್ದರು. ಆನ್‌ಲೈನ್ ಸೆಂಟರಿನವ ದುಡ್ಡು ತಗೊಂಡು ತುಂಬಿಕೊಟ್ಟಿದ್ದ. ಕಟ್ಟಿದ ತೆರಿಗೆ ಸೊನ್ನೆ. ಆದರೆ ಕಂಪ್ಯೂಟರಿನ ಕಣ್ಣಿಗೆ ನಮ್ಮದು ‘ಆದಾಯ ತೆರಿಗೆ ಮನೆ’.

ಗದ್ದಲ ಎದ್ದ ಮೇಲೆ ಸರ್ಕಾರ ಹಿಂದೆ ಸರಿದು, ಸರ್ಕಾರಿ ನೌಕರರು ಮತ್ತು ತೆರಿಗೆ ಕಟ್ಟುವವರನ್ನ ಬಿಟ್ಟು ಉಳಿದ ಕಾರ್ಡುಗಳನ್ನ ಮರಳಿ ಕೊಡುವುದಾಗಿ ಹೇಳಿತು. ನಮ್ಮದಕ್ಕೆ ಸೊನ್ನೆ ತೆರಿಗೆಯ ಕಾಗದ ತೋರಿಸಿ, ನಾಲ್ಕು ಸಲ ಆಫೀಸಿಗೆ ಅಲೆದು, ಎರಡು ತಿಂಗಳ ಮೇಲೆ ಚಾಲು ಮಾಡಿಸಿಕೊಂಡೆವು. ಅವ್ವನ ನಾಲ್ಕು ದಿನದ ಕೂಲಿ ಹೋಯಿತು.

ಅಕ್ಕಿ ಹೋದದ್ದಕ್ಕಿಂತ ಆ ಎರಡು ತಿಂಗಳು ಓಣಿಯ ಮಾತು ಕೇಳೋದೇ ಬಿರಿ ಇತ್ತು. ‘ಮನ್ಯಾಗ ಗಾಡಿ ಇಟ್ಕೊಂಡು ಬಡವರ ಅಕ್ಕಿ ತಿಂತಿದ್ರು, ಈಗ ಸಿಕ್ಕಬಿದ್ರು’ ಅಂತ ಒಬ್ಬರು ಅಂದರು. ಸಾಲದ ಟಂಟಂ ಅದು, ಕಂತು ತಪ್ಪಿದರೆ ಎಳಕೊಂಡು ಹೋಗತಾರ. ಅವ್ವ ಉತ್ತರ ಕೊಡಲಿಲ್ಲ. ಆದರೆ ಕಂಟ್ರೋಲ್ ಅಂಗಡಿ ಮುಂದಿನ ದಾರಿ ಬಿಟ್ಟು ಹಿಂದಿನ ಓಣಿಯಿಂದ ಹೋಗಾಕ ಶುರು ಮಾಡಿದಳು.

ಅವತ್ತೇ ನನಗೆ ನಾಚಿಕೆ ಆಗಿದ್ದು. ಯಾಕಂದರೆ ಕಾಲೇಜಿಗೆ ಹೋಗುವಾಗ ರೇಷನ್ ಚೀಲ ಹೊತ್ತು ಬರಾಕ ನಾನೂ ಒಲ್ಲೆ ಅನ್ನುತ್ತಿದ್ದೆ. ಗೆಳೆಯರು ಕಂಡರೆ ಏನಂದಾರು ಅಂತ ಅವ್ವನ್ನೇ ಕಳಿಸುತ್ತಿದ್ದೆ. ಓಣಿಯವರು ಈಗ ಬಾಯಿಬಿಟ್ಟು ಅಂದದ್ದನ್ನ ನಾನು ಮೊದಲೇ ಮನಸ್ಸಿನಲ್ಲಿ ಅಂದುಕೊಂಡಿದ್ದೆ.

2025ರಲ್ಲಿ ಮತ್ತೆ ಶಂಕಾಸ್ಪದ ಕಾರ್ಡುಗಳ ಪರಿಶೀಲನೆ ನಡೆಯಿತು. ನಮ್ಮಂಥ ಮನೆ ಎಷ್ಟು ಇವೆಯೋ.

‘ಅಕ್ಕಿ ಮಾರ್ಕೋತಾರ’ ಅನ್ನೋ ಮಾತು

ಇದು ಎರಡನೇ ದೊಡ್ಡ ಆಪಾದನೆ. ‘ಅಷ್ಟ ಹಸಿವು ಇದ್ರ ಅಕ್ಕಿ ಯಾಕ ಮಾರ್ತಾರ?’ ಅಂತ ಕೇಳುತ್ತಾರೆ.

ಕೆಲವರು ಮಾರುತ್ತಾರೆ, ಹೌದು. ಕಾನೂನು ಪ್ರಕಾರ ಅದು ತಪ್ಪು. ಆದರೆ ಕಾರಣ ನಮ್ಮ ತಾಟಿನಲ್ಲೇ ಇದೆ. ನಮ್ಮ ಕಡೆ ಊಟ ಅಂದರೆ ಜೋಳದ ರೊಟ್ಟಿ. ಅನ್ನ ಕಡೀಕ ಎರಡು ತುತ್ತು. ಐವತ್ತು ಕೆ.ಜಿ. ಅಕ್ಕಿ ಬಂದ ಮನೆಯವರು ಹತ್ತಿಪ್ಪತ್ತು ಕೆ.ಜಿ. ಕೊಟ್ಟು ಜೋಳ ತಂದರೆ, ಅಥವಾ ಎಣ್ಣೆ–ಬೇಳೆ ತಂದರೆ, ಅವರು ಊಟವನ್ನೇ ತಂದರು. ಸರ್ಕಾರಕ್ಕೂ ಇದು ತಿಳಿದಂಗಿದೆ. ಹೆಚ್ಚುವರಿ 5 ಕೆ.ಜಿ. ಅಕ್ಕಿ ಬದಲು ತೊಗರಿಬೇಳೆ, ಎಣ್ಣೆ, ಸಕ್ಕರೆ, ಉಪ್ಪು ಇರುವ ಇಂದಿರಾ ಕಿಟ್ ಕೊಡಬೇಕು ಅಂತ 2025ರ ಅಕ್ಟೋಬರಿನಲ್ಲಿ ಸಂಪುಟ ತೀರ್ಮಾನ ಮಾಡಿದೆ. ತೊಗರಿಯ ಕಣಜ ಅನ್ನಿಸಿಕೊಂಡ ಜಿಲ್ಲೆಯ ಕೂಲಿ ಮನೆಗೂ ಬೇಳೆ ತುಟ್ಟಿ ಅನ್ನೋದು ಅದರಲ್ಲೇ ಗೊತ್ತಾಗ್ತದೆ.

ಇನ್ನು ಕಳ್ಳತನದ ಮಾತಿಗೆ ಬಂದರೆ, 2023ರ ಕೊನೆಯಲ್ಲಿ ಪಕ್ಕದ ಯಾದಗಿರಿ ಜಿಲ್ಲೆಯ ಶಹಾಪುರದಲ್ಲಿ ಗೋದಾಮಿನಿಂದಲೇ ಆರು ಸಾವಿರ ಕ್ವಿಂಟಲ್‌ಗೂ ಹೆಚ್ಚು ಅನ್ನಭಾಗ್ಯ ಅಕ್ಕಿ ಕಾಣೆಯಾದ ಪ್ರಕರಣ ನೆನಪಿರಬೇಕು. ಆರು ಸಾವಿರ ಕ್ವಿಂಟಲ್ ಅಂದರೆ ತಲೆಗೆ 10 ಕೆ.ಜಿ.ಯಂತೆ 60 ಸಾವಿರ ಮಂದಿಯ ಒಂದು ತಿಂಗಳ ಅಕ್ಕಿ. ಅದು ಚೀಲ ಹೊತ್ತ ಮುದುಕಿ ಮಾಡೋ ಕೆಲಸ ಅಲ್ಲ. ಅದರ ಬಗ್ಗೆ ನಾವು ನಾಲ್ಕು ದಿನ ಮಾತಾಡಿ ಬಿಟ್ಟೆವು. ಐದು ಕೆ.ಜಿ. ಮಾರಿದ ಅಜ್ಜಿ ಬಗ್ಗೆ ವರ್ಷಗಟ್ಟಲೆ ಮಾತಾಡುತ್ತೇವೆ. ಅಜ್ಜಿ ಕಣ್ಣಿಗೆ ಕಾಣತಾಳ, ಗೋದಾಮು ಕಾಣಂಗಿಲ್ಲ.

ಯಾರಿಗೆ ‘ಹಕ್ಕು’, ಯಾರಿಗೆ ‘ಬಿಟ್ಟಿ’?

ಈಗ ಸ್ವಲ್ಪ ಕಹಿ ಮಾತು. ಸಿಟ್ಟಾಗಬ್ಯಾಡ್ರಿ.

2025ರ ಸೆಪ್ಟೆಂಬರಿನಲ್ಲಿ ಭೀಮಾ ನದಿ ಏರಿ ಹೊಲ ನೀರುಪಾಲಾದವು, ತೊಗರಿ ಕೊಳೆಯಿತು. ಮುಖ್ಯಮಂತ್ರಿಗಳು ಕಲಬುರಗಿಗೆ ಬಂದು, ಎನ್‌ಡಿಆರ್‌ಎಫ್ ದರದ ಮೇಲೆ ಹೆಕ್ಟೇರಿಗೆ 8,500 ರೂಪಾಯಿ ಹೆಚ್ಚು ಕೊಡುವುದಾಗಿ ಹೇಳಿದರು. ಪಹಣಿ, ಆಧಾರ್ ಹಿಡಿದು ರೈತರು ಸಾಲಾಗಿ ನಿಂತರು. ನಿಲ್ಲಲೇಬೇಕು, ಅದು ಅವರ ಹಕ್ಕು. ಅವರನ್ನ ಯಾರೂ ಸೋಮಾರಿ ಅನ್ನಲಿಲ್ಲ, ಅನ್ನಬಾರದು ಕೂಡ. ಆದರೆ ಅದೇ ಹೊಲದಲ್ಲಿ ಕಳೆ ತೆಗೆದು, ರಾಶಿ ಮಾಡಿ ಕೂಲಿ ತಗೋಬೇಕಿದ್ದ ಹೆಣ್ಣಾಳಿಗೆ ಬೆಳೆ ಪರಿಹಾರದಲ್ಲಿ ಏನು ಬಂತು? ಏನೂ ಇಲ್ಲ. ಪಹಣಿ ಇಲ್ಲದವರಿಗೆ ಬೆಳೆ ಹೋಗಿಲ್ಲ ಅಂತ ಕಾಗದ ಹೇಳ್ತದೆ. ಕೂಲಿ ಹೋಗಿದ್ದು ಯಾವ ಕಾಗದದಲ್ಲೂ ಇಲ್ಲ.

10 ಎಚ್‌ಪಿ ತನಕ ನೀರಾವರಿ ಪಂಪ್‌ಸೆಟ್ಟಿಗೆ ಕರೆಂಟು ಪುಕ್ಕಟೆ. ಸಹಕಾರ ಸಂಘಗಳಲ್ಲಿ 5 ಲಕ್ಷದ ತನಕ ಬಡ್ಡಿ ಇಲ್ಲದ ಬೆಳೆ ಸಾಲದ ಯೋಜನೆ ಇದೆ. 2025ರ ಕೇಂದ್ರ ಬಜೆಟ್‌ನಲ್ಲಿ 12 ಲಕ್ಷ ಆದಾಯದ ತನಕ ತೆರಿಗೆ ಇಲ್ಲ ಅಂದಾಗ ಪಟಾಕಿ ಹಾರಿಸಿದವರೂ ಉಂಟು. ಇವೆಲ್ಲ ಬೇಕು, ಬೇಡ ಅಂತ ನಾನು ಹೇಳ್ತಿಲ್ಲ. ವರ್ಷಕ್ಕೆ 12 ಲಕ್ಷ ದುಡಿಯುವವರಿಗೆ ತೆರಿಗೆ ಬಿಟ್ಟರೆ ‘ಅನುಕೂಲ ಆಯಿತು’ ಅನ್ನುತ್ತೇವೆ, 1.20 ಲಕ್ಷದೊಳಗೆ ಬದುಕುವವರಿಗೆ ಅಕ್ಕಿ ಕೊಟ್ಟರೆ ‘ಕೆಟ್ಟುಹೋದರು’ ಅನ್ನುತ್ತೇವೆ. ಸರ್ಕಾರದ ನೆರವು ಬಡವನ್ನ ಮಾತ್ರ ಹೆಂಗ ಕೆಡಿಸ್ತದ?

‘ನಮ್ಮ ಟ್ಯಾಕ್ಸ್ ರೊಕ್ಕ’ ಅನ್ನೋ ಮಾತೂ ಇದೆ. 299 ರೂಪಾಯಿ ಮೊಬೈಲ್ ರಿಚಾರ್ಜ್ ಮಾಡಿಸಿದರೆ ಅದರಲ್ಲಿ 18 ಪರ್ಸೆಂಟ್ ಜಿಎಸ್‌ಟಿ, ಸುಮಾರು 45 ರೂಪಾಯಿ. ಇದನ್ನ ಕಬ್ಬು ಕಡಿಯುವವನೂ ಕಟ್ಟುತ್ತಾನೆ, ಮಾಲಕನೂ ಕಟ್ಟುತ್ತಾನೆ. ರಿಚಾರ್ಜ್ ಅಂಗಡಿ ಇಟ್ಟವರಿಗೆ ನಾನು ಹೇಳೋದೇ ಬ್ಯಾಡ.

ಗಾಣಗಾಪುರದ ಮಧ್ಯಾಹ್ನ

ನಮ್ಮ ತಾಲೂಕಿನಲ್ಲೇ ದೇವಲ ಗಾಣಗಾಪುರ ಇದೆ. ಮಧ್ಯಾಹ್ನದ ಹೊತ್ತಿಗೆ ದತ್ತ ಮಹಾರಾಜರು ಯಾವುದೋ ಒಂದು ರೂಪದಲ್ಲಿ ಭಿಕ್ಷೆಗೆ ಬರುತ್ತಾರೆ ಅನ್ನೋ ನಂಬಿಕೆ ಅಲ್ಲಿಯದು. ಹಂಗಾಗಿ ದೂರದೂರಿನಿಂದ ಕಾರು ಮಾಡಿಕೊಂಡು ಬಂದ ಶ್ರೀಮಂತರೂ ಜೋಳಿಗೆ ಹಿಡಿದು ಐದು ಮನೆ ಮಧುಕರಿ ಬೇಡುತ್ತಾರೆ. ನೀಡುವವರೂ ಯಾರು ಏನು ಅಂತ ಕೇಳದೆ ನೀಡುತ್ತಾರೆ. ಯಾವ ಜೋಳಿಗೆಯಲ್ಲಿ ದೇವರು ಬಂದಾನೋ ಯಾರಿಗೆ ಗೊತ್ತು?

ಅದೇ ಹೊತ್ತಿಗೆ, ಅದೇ ಬೀದಿಯಲ್ಲಿ, ಹರಕು ಸೀರೆಯ ಮುದುಕಿ ಕೈ ಚಾಚಿದರೆ ‘ಏ, ಆಚೆ ಹೋಗು’. ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆ 1975ರಲ್ಲೂ ಇದೇ ಭೇದ ಇದೆ. ಧರ್ಮದ ಹರಕೆ, ಸಂಪ್ರದಾಯದ ಹೆಸರಿನಲ್ಲಿ ಯಾರಿಗೂ ತೊಂದರೆ ಮಾಡದೆ ಬೇಡಿದರೆ ವಿನಾಯಿತಿ. ಹೊಟ್ಟೆಗೆ ಇಲ್ಲ ಅಂತ ಬೇಡಿದರೆ ಅಪರಾಧ. ಆ ಕಾಯ್ದೆಯಡಿ ಪರಿಹಾರ ಕೇಂದ್ರಗಳ ಖರ್ಚಿಗೆ ಅಂತ ನಮ್ಮ ಆಸ್ತಿ ತೆರಿಗೆ ಮೇಲೆ 3 ಪರ್ಸೆಂಟ್ ಭಿಕ್ಷುಕರ ಕರ ಕೂಡ ಬೀಳ್ತದೆ. ಪುರಸಭೆ ರಸೀದಿ ತೆಗೆದು ನೋಡ್ರಿ.

ನಮ್ಮದು ದಾಸೋಹದ ಸೀಮೆ. ಕಲಬುರಗಿಯ ಶರಣಬಸವೇಶ್ವರರು ಹುಟ್ಟಿದ್ದು ಅರಳಗುಂಡಗಿಯಲ್ಲಿ. ಅವರ ಹೆಸರು ಇವತ್ತಿಗೂ ಉಳಿದದ್ದು ಬಂದವರಿಗೆ ಉಣ್ಣಾಕ ನೀಡಿದ್ದಕ್ಕೆ. ಪಂಗತಿಯಲ್ಲಿ ಕೂತವನ ಆದಾಯ ಪ್ರಮಾಣಪತ್ರ ಅಲ್ಲಿ ಯಾರೂ ಕೇಳಲಿಲ್ಲ. ಜಾತ್ರೆಗೆ ಹೋಗಿ ತೇರಿಗೆ ಉತ್ತತ್ತಿ ಎಸೆದು ಬರುವ ನಾವು, ಮರುದಿನ ಕಂಟ್ರೋಲ್ ಅಂಗಡಿ ಸಾಲು ನೋಡಿ ಮೂಗು ಮುರಿಯುತ್ತೇವೆ. ನಾವೇ ನೀಡಿದರೆ ಪುಣ್ಯ. ಸರ್ಕಾರ ಕೊಟ್ಟರೆ, ಅದೂ ಬಡವ ಕೈ ಮುಗಿಯದೆ ಹೆಬ್ಬಟ್ಟು ಒತ್ತಿ ತಗೊಂಡರೆ, ನಮಗೆ ತಡೆಯೋದಿಲ್ಲ. ನನಗೆ ಅನಿಸೋದು ಏನಂದರೆ, ನಮ್ಮ ಸಿಟ್ಟು ಅಕ್ಕಿ ಮೇಲೆ ಅಷ್ಟಿಲ್ಲ. ಮೊದಲು ‘ಸಾವಕಾರ್ರೆ, ನಾಕ ಸೇರು ಜ್ವಾಳ ಕೊಡ್ರಿ’ ಅಂತ ಬಾಗಿಲಿಗೆ ಬಂದು ನಿಲ್ಲುತ್ತಿದ್ದವರು ಈಗ ಬರೋದು ಕಡಿಮೆ ಆಗಿದೆ. ಕರೆದ ಕೂಲಿಗೆ ‘ಇಷ್ಟಕ್ಕ ಬರಂಗಿಲ್ರಿ’ ಅನ್ನುವಷ್ಟು ಧೈರ್ಯ ಬಂದಿದೆ. ಅದನ್ನೇ ನಾವು ಸೋಮಾರಿತನ ಅಂತ ಕರೀತಿದ್ದೇವೆ.

ಕಾಕಾನ ಕಷ್ಟವೂ ಸುಳ್ಳಲ್ಲ

ಹಂಗಂತ ರೈತ ಕಾಕಾ ಖಳನಾಯಕ ಅಲ್ಲ. 2023–24ರ ಹಂಗಾಮಿನಲ್ಲಿ ತೊಗರಿ ಬಜಾರದಲ್ಲಿ ಕ್ವಿಂಟಲಿಗೆ 10,000 ರೂಪಾಯಿ ಮೇಲೆ ಹೋಗಿತ್ತು. ಮರುವರ್ಷ ಬಿತ್ತು. ಕೇಂದ್ರದ ಬೆಂಬಲ ಬೆಲೆ 7,550ಕ್ಕೆ ರಾಜ್ಯ 450 ಸೇರಿಸಿ 8,000 ಮಾಡಬೇಕಾಯಿತು. ಗೊಬ್ಬರ, ಎಣ್ಣೆ, ಟ್ರ್ಯಾಕ್ಟರ್ ಬಾಡಿಗೆ ಮಾತ್ರ ಇಳಿಯಲಿಲ್ಲ. 2025ರಲ್ಲಿ ಹೊಳೆ ಬಂತು. ನಾಲ್ಕು ಎಕರೆಯವನು ಕೂಲಿ ಎಲ್ಲಿಂದ ಏರಿಸಬೇಕು?

ಅಂದರೆ ಇಲ್ಲಿ ಎದುರುಬದುರು ನಿಂತವರು ಕೂಲಿ ಕೊಡಾಕ ಆಗದವನು ಮತ್ತು ಆ ಕೂಲಿಯಲ್ಲಿ ಬದುಕಾಕ ಆಗದವನು. ಇಬ್ಬರ ಹೆಸರೂ ಕಿರಾಣಿ ಅಂಗಡಿಯ ಒಂದೇ ಉದ್ರಿ ಪುಸ್ತಕದಲ್ಲಿದೆ. ತೊಗರಿ ರೇಟು ಗೊತ್ತು ಮಾಡುವವರು ಈ ಚಾದಂಗಡಿಗೆ ಬರೋದೇ ಇಲ್ಲ. ಹಂಗಾಗಿ ಸಿಟ್ಟು ಕಣ್ಣಿಗೆ ಬಿದ್ದವರ ಮೇಲೆ ಹೋಗ್ತದೆ.

ಅಂಗಡಿ ಅಣ್ಣಂದಿರಿಗೆ ಒಂದು ಮಾತು

ಉದ್ರಿ ಪುಸ್ತಕ ಅಂದೆನಲ್ಲ, ಬಡವರ ಬಗ್ಗೆ ನಮ್ಮ ತಾಲೂಕಿನಲ್ಲಿ ಖರೆ ಲೆಕ್ಕ ಇರೋದು ಅದರಲ್ಲೇ. ನಿಮ್ಮ ಪುಸ್ತಕ ತೆಗೆದು ನೋಡ್ರಿ. ಗೃಹಲಕ್ಷ್ಮಿ ರೊಕ್ಕ ಬಂದ ವಾರ ಯಾರು ಬಂದು ಹಳೇ ಬಾಕಿ ಕಟ್ಟಿದರು? ಆ ರೊಕ್ಕ ಬೆಂಗಳೂರಿಗೆ ಹೋಗಲಿಲ್ಲ, ನಿಮ್ಮ ಗಲ್ಲಾಪೆಟ್ಟಿಗೆಗೆ ಬಂತು. ಎಣ್ಣೆ, ಸಾಬೂನು, ಮಕ್ಕಳ ನೋಟ್‌ಬುಕ್ಕು, ಹಬ್ಬಕ್ಕೆ ಒಂದು ಸೀರೆ. ಪುಕ್ಕಟೆ ಬಸ್ಸು ಹತ್ತಿ ಹುಣ್ಣಿಮೆಗೆ ಗಾಣಗಾಪುರಕ್ಕೆ ಬಂದ ಅಕ್ಕಂದಿರು ಕಾಯಿ–ಕರ್ಪೂರ, ಬಳಿ, ಚಾ ತಗೊಂಡೇ ಹೋದರು. ಇನ್ನು ಬಾಕಿ ಮುಳುಗಿಸಿದವರ ಹೆಸರೂ ಅದೇ ಪುಸ್ತಕದಲ್ಲಿದೆ. ಅವರೆಲ್ಲ ಬಿಪಿಎಲ್ ಕಾರ್ಡಿನವರೇ ಹೌದೇನು ಅಂತ ನೀವೇ ನೋಡಿಕೊಳ್ರಿ. ನಾನು ಕೇಳಂಗಿಲ್ಲ.

ಮುಂದೇನು?

ಬರೆದು ಬಿಟ್ಟರೆ ಆಗಲಿಲ್ಲ. ಮೂರು ಮಾತು.

ಒಂದು, 1.20 ಲಕ್ಷದ ಮಿತಿ ಬದಲಾಗಬೇಕು. ಸರ್ಕಾರವೇ ಕೊಡುವ ಖಾತ್ರಿ ಕೂಲಿ ವರ್ಷವರ್ಷ ಏರುವಾಗ ಮಿತಿ ಹಂಗೇ ಕೂತರೆ, ಹೆಚ್ಚು ದುಡಿದವನೇ ಸಿಕ್ಕಿಬೀಳುತ್ತಾನೆ. ಇದನ್ನ ಗ್ರಾಮಸಭೆಯಲ್ಲಿ ಠರಾವು ಮಾಡಿ ಕಳಿಸಬಹುದು.

ಎರಡು, ಅನರ್ಹರನ್ನ ತೆಗೆಯುವಾಗ ಮೊದಲು ನೋಟಿಸು, ಆಮೇಲೆ ಬಂದ್. ಸೊನ್ನೆ ತೆರಿಗೆಯ ರಿಟರ್ನ್ ತುಂಬಿದವರನ್ನ ತೆರಿಗೆ ಕಟ್ಟಿದವರ ಸಾಲಿಗೆ ಸೇರಿಸಬಾರದು. ನಿಮ್ಮ ಕಾರ್ಡು ಹಂಗೆ ಬಂದ್ ಆಗಿದ್ದರೆ ರಿಟರ್ನ್ ಪ್ರತಿ, ಆದಾಯ ಪ್ರಮಾಣಪತ್ರ, ಆಧಾರ್ ತಗೊಂಡು ತಹಶೀಲ್ದಾರ್ ಕಚೇರಿಯ ಆಹಾರ ಶಾಖೆಗೆ ಬರವಣಿಗೆಯಲ್ಲೇ ಅರ್ಜಿ ಕೊಡ್ರಿ, ಸ್ವೀಕೃತಿ ತಗೊಳ್ರಿ. 1967 ಸಹಾಯವಾಣಿಗೂ ದೂರು ಹೇಳಬಹುದು. ಬಾಯಿಮಾತಲ್ಲಿ ಹೇಳಿ ಬಂದರೆ ನಮ್ಮಂಗ ನಾಲ್ಕು ಸಲ ಅಲೀಬೇಕಾಗ್ತದೆ.

ಮೂರನೆಯದು ಸರ್ಕಾರದ ಕೈಯಲ್ಲಿಲ್ಲ, ನಮ್ಮ ಬಾಯಲ್ಲಿದೆ. ಪಕ್ಕದ ಮನೆಯವರ ಕಾರ್ಡು ಬಂದ್ ಆದರೆ ‘ಸಿಕ್ಕಬಿದ್ರು’ ಅನ್ನೋ ಮೊದಲು ಯಾಕ ಬಂದ್ ಆಯ್ತು ಅಂತ ಕೇಳೋಣ. ಅರ್ಜಿ ಬರೆಯಾಕ ಬರದವರಿಗೆ ಒಂದು ಹಾಳೆ ಬರೆದು ಕೊಡೋಣ.

ಇಷ್ಟೆಲ್ಲ ಹೇಳಿದ ಮೇಲೆ ಕಾಕಾ ಚಾದ ಕಪ್ಪು ಕೆಳಗಿಟ್ಟು ಕೇಳಿದರು: ‘ಆಯ್ತು ತಮ್ಮಾ, ನಿನ್ನ ಲೆಕ್ಕ ಬರೋಬ್ಬರಿ ಅದ. ನನ್ನ ಹತ್ತಿ ಯಾರ ಬಿಡಸಬೇಕು?’

ನನ್ನ ಹತ್ತಿರ ಉತ್ತರ ಇರಲಿಲ್ಲ. ‘ಕಾಕಾ, ನಾಳೆ ನಾನೂ ಅವ್ವನೂ ಬರ್ತೀವಿ, ಎಷ್ಟ ಕೊಡ್ತೀರಿ?’ ಅಂದೆ. ಕಾಕಾ ನಕ್ಕರು. ಆಮೇಲೆ ರೇಟು ಮಾತಾಡಿದೆವು. ಮರುದಿನ ಹೊಲದಲ್ಲಿ ನಾವು ಆರು ಮಂದಿ ಇದ್ದೆವು. ಆರು ಮಂದಿಯದೂ ಬಿಪಿಎಲ್ ಕಾರ್ಡು.